ಎಂಜಿನ್ ‘ಕಟ್ಟಿಸುವುದು’, ಎಂಜಿನ್ ‘ಕೂರಿಸುವುದು’: ನಿಮ್ಮ ಕಡೆ ಏನಂತೀರಿ?

ನಮಸ್ಕಾರ. ಸಾಲದ ಅರ್ಜಿಯ ಒಂದೇ ಒಂದು ಸಾಲು ಬರೆಯಲು ಹೋಗಿ ಪದ ಸಿಗದೆ ಎರಡು ದಿನದಿಂದ ಕೂತಿದ್ದೇನೆ. ಬಲ್ಲವರು ಸಹಾಯ ಮಾಡಬೇಕು.

ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆ, ಅಡಿಕೆ ತೋಟ. ಮನೆಯಲ್ಲಿ ಒಂದು ಹಳೇ ಪಿಕಪ್ ಇದೆ. ಗೊಬ್ಬರ, ಹಿಂಡಿ, ಅಡಿಕೆ ಚೀಲ, ಎಲ್ಲದಕ್ಕೂ ಅದೇ. ಈಚೆಗೆ ಗುಡ್ಡೆ ಹತ್ತುವಾಗ ನೀಲಿ ಹೊಗೆ ಬಿಡಲು ಶುರು ಮಾಡಿತು. ಆಯಿಲ್ ಕುಡಿಯುವುದೂ ಜಾಸ್ತಿಯಾಯಿತು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಬುಸುಬುಸು ಹೊಗೆ. ಗ್ಯಾರೇಜಿನ ಮೇಸ್ತ್ರಿ ನೋಡಿ, “ಎಂಜಿನ್ ಕೂತಿದೆ ಅಣ್ಣಾ” ಎಂದರು. ಈಗ ಎರಡು ದಾರಿ. ಇದೇ ಎಂಜಿನ್ ಇಳಿಸಿ, ಪೂರ್ತಿ ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ ಮತ್ತೆ ಜೋಡಿಸುವುದು. ಇಲ್ಲವಾದರೆ ಗುಜರಿಯಿಂದ ಅದೇ ಮಾದರಿಯ ಬೇರೆ ಎಂಜಿನ್ ತಂದು ಹಾಕುವುದು.

ಯಾವುದೇ ಆದರೂ ಹಣ ಬೇಕಲ್ಲ. ಬ್ಯಾಂಕಿನ ಅರ್ಜಿಯಲ್ಲಿ ‘ಸಾಲದ ಉದ್ದೇಶ’ ಎಂಬಲ್ಲಿ ‘ಎಂಜಿನ್ ದುರಸ್ತಿ’ ಎಂದು ಬರೆದೆ. “ರಿಪೇರಿಗೆ ಇಷ್ಟೆಲ್ಲ ಬೇಕಾ?” ಎಂದು ಕೇಳಿದರು. ಕೇಳಿದ್ದು ಸರಿಯೇ. ದುರಸ್ತಿ ಎಂದರೆ ನಮಗೆ ನೆನಪಾಗುವುದು ಸೋರುವ ನಳ್ಳಿ, ಒಡೆದ ಹಂಚು. ‘ಪುನರ್ನಿರ್ಮಾಣ’ ಎಂದು ಬರೆದು ನೋಡಿದೆ. ಸೇತುವೆ ಕಟ್ಟಿದ ಹಾಗೆ ಕೇಳಿಸಿತು. ‘ನವೀಕರಣ’ ಎಂದರೆ ಲೈಸೆನ್ಸಿನದು. ‘ಜೀರ್ಣೋದ್ಧಾರ’ ಅರ್ಥದಲ್ಲಿ ಬಹಳ ಹತ್ತಿರ, ಆದರೆ ಅದು ದೇವಸ್ಥಾನಕ್ಕೆ ಮೀಸಲಾದ ಮಾತು.

ಹಾಗಾಗಿ ಗ್ಯಾರೇಜಿನಲ್ಲಿ ಆಡುವ ಮಾತನ್ನೇ ಗಮನವಿಟ್ಟು ಕೇಳಿದೆ.

ಅಲ್ಲಿ ಮೊದಲು ಸಿಗುವುದು ‘ಕೆಲಸ’. “ಎಂಜಿನಿಗೆ ಕೆಲಸ ಇದೆ” ಎಂದರೆ ಹಾಳಾಗಿದೆ ಎಂದು. “ಎಂಜಿನ್ ಕೆಲಸ ಆಗಿದೆ” ಎಂದರೆ ಸರಿಯಾಗಿದೆ ಎಂದು. ಮಲಯಾಳ ಆಡುವವರು ‘ಎಂಜಿನ್ ಪಣಿ’ ಎನ್ನುತ್ತಾರೆ, ತುಳುವಿನವರು ‘ಬೇಲೆ’ ಎನ್ನುತ್ತಾರೆ. ಮೂರಕ್ಕೂ ಅರ್ಥ ಕೆಲಸವೇ. ಆದರೆ ಏನು ಕೆಲಸ, ಎಷ್ಟು ಕೆಲಸ ಎಂದು ಅದರಲ್ಲಿ ಗೊತ್ತಾಗುವುದಿಲ್ಲ.

ಎರಡನೆಯದು ‘ಬೋರ್’. ಸಿಲಿಂಡರಿನ ಒಳಗೋಡೆ ಸವೆದಾಗ ಲೇತಿನವರು ಅದನ್ನು ಸ್ವಲ್ಪ ಅಗಲ ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇದು ‘ಬೋರ್ ಮಾಡಿಸುವುದು’. ನೀರಿಗಾದರೆ ‘ಬೋರ್ ಹಾಕಿಸುವುದು’. ಮನಸ್ಸಿಗಾದರೆ ‘ಬೋರ್ ಆಗುವುದು’. ಹೊರಗಿನಿಂದ ಬಂದ ಪದಗಳನ್ನು ನಮ್ಮ ಕ್ರಿಯಾಪದಗಳು ಎಷ್ಟು ಚೆನ್ನಾಗಿ ಬೇರೆ ಮಾಡಿ ಇಟ್ಟಿವೆ ಅಲ್ವಾ! ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿದು ಬೆಳೆದ ನಮ್ಮೂರಿನಲ್ಲಿ ಈಗ ‘ಬೋರ್’ ಎಂದರೆ ಮೊದಲು ನೆನಪಾಗುವುದು ನೀರೇ. ಆದರೆ ಎಂಜಿನಿನ ಮಟ್ಟಿಗೆ ಬೋರ್ ಮಾಡಿಸುವುದು ಇಡೀ ಕೆಲಸದ ಒಂದು ಭಾಗ ಮಾತ್ರ. ರಿಂಗ್, ಬೇರಿಂಗ್, ವಾಲ್ವ್, ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ತಳ ಸಮ ಮಾಡುವ ಫೇಸಿಂಗ್ ಇದರಲ್ಲಿ ಸೇರುವುದಿಲ್ಲ.

ಮೇಸ್ತ್ರಿ ಹೆಡ್ ತೆಗೆದ ದಿನ ನನ್ನನ್ನು ಕರೆದರು. “ಉಗುರು ಇಟ್ಟು ನೋಡಿ” ಎಂದರು. ಸಿಲಿಂಡರಿನ ಒಳಗೆ ಮೇಲಂಚಿನಿಂದ ತುಸು ಕೆಳಗೆ ಉಗುರು ಜಾರಿಸಿದೆ. ಒಂದು ಕಡೆ ಟಕ್ಕೆಂದು ಸಿಕ್ಕಿಕೊಂಡಿತು. ಪಿಸ್ಟನ್ನಿನ ಮೇಲಿನ ರಿಂಗ್ ಅಲ್ಲಿಯವರೆಗೆ ಮಾತ್ರ ಬರುತ್ತದೆ. ಅದರ ಕೆಳಗೆಲ್ಲ ಸವೆದಿದೆ, ಮೇಲೆ ಸವೆದಿಲ್ಲ. ಆ ಮೆಟ್ಟಿಲು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಉಗುರಿಗೆ ಸಿಗುತ್ತದೆ. ಆಗ ಅವರು ಹೇಳಿದ ಮಾತಿನಲ್ಲಿ ನನಗೆ ಪದ ಸಿಕ್ಕಿತು: “ಇದನ್ನೇ ಕಟ್ಟುವುದಾ, ಬೇರೆ ಕೂರಿಸುವುದಾ?”

ಕಟ್ಟುವುದು. ಬಿಡಿ ಬಿಡಿ ಸಾಮಾನುಗಳನ್ನು ಕ್ರಮ ತಪ್ಪದೆ ಬಿಗಿದು ಒಂದು ಮಾಡುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇದೆಯಾ? ಮಾಲೆ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಹತ್ತಿರ. ಇಲ್ಲಿ ವೇಷ ಕಟ್ಟುವುದನ್ನು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ನೋಡಿಯೇ ಬೆಳೆದವರು ನಾವು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಅಲ್ಲಿಯೂ ಇದೆ. ಬೆಳಗಾದ ಮೇಲೆ ಬಿಚ್ಚುತ್ತಾರೆ, ಮರುದಿನ ಮತ್ತೆ ಕಟ್ಟುತ್ತಾರೆ. ಎಂಜಿನಿಗೂ ಅದೇ ಜೋಡಿ, ಬಿಚ್ಚುವುದು ಮತ್ತು ಕಟ್ಟುವುದು. ಮಲಯಾಳದಲ್ಲಿ ಇದು ‘ಕೆಟ್ಟುಕ’ ಆಗುತ್ತದೆ. ನಮ್ಮ ಭೂತಕೋಲದಂಥ ತೆಯ್ಯಂನ ವೇಷಕ್ಕೂ ತೆಯ್ಯಂ ‘ಕೆಟ್ಟುವುದು’ ಎನ್ನುತ್ತಾರೆ. ನಮಗೆ ‘ಕೆಟ್ಟು’ ಎಂದರೆ ಹಾಳಾಗಿ ಎಂದು, ಅವರಿಗೆ ಕಟ್ಟು ಎಂದು. ಎರಡನ್ನೂ ಕೇಳಿಕೊಂಡೇ ದೊಡ್ಡವರಾದ ಗಡಿಯವರಿಗೆ ಗೊಂದಲ ಆಗುವುದಿಲ್ಲ.

ಇನ್ನು ‘ಕೂರಿಸುವುದು’. ಚೌತಿಗೆ ಗಣಪತಿ ಕೂರಿಸುತ್ತೇವಲ್ಲ, ಹಾಗೆ. ಮೊದಲೇ ಸಿದ್ಧವಾದದ್ದನ್ನು ತಂದು ಅದರ ಜಾಗದಲ್ಲಿ ಇಡುವುದು. ನನಗೆ ಕುತೂಹಲ ಹುಟ್ಟಿಸಿದ್ದು ಇದು: ಹಳೆಯ ಎಂಜಿನ್ ‘ಕೂತರೆ’ ಹಾಳಾಯಿತು, ಹೊಸದು ಸರಿಯಾಗಿ ‘ಕೂತರೆ’ ಕೆಲಸ ಮುಗಿಯಿತು. ಸ್ವರ ಕೂತಿದೆ, ಮನೆಯ ಪಂಚಾಂಗ (ಅಡಿಪಾಯ) ಕೂತಿದೆ ಎನ್ನುವಾಗ ಬರುವ ಕುಸಿಯುವ ಅರ್ಥ ಮೊದಲನೆಯದು. ಬಾಗಿಲು ಚೌಕಟ್ಟಿಗೆ ಕೂತಿತು ಎನ್ನುವಾಗ ಬರುವ ಹೊಂದುವ ಅರ್ಥ ಎರಡನೆಯದು.

ಈ ಎರಡು ಪದಗಳ ವ್ಯತ್ಯಾಸ ಬರೀ ಮಾತಿನದಲ್ಲ. ಕಟ್ಟಿಸಿದರೆ ಸಿಲಿಂಡರುಗಳಿರುವ ಬ್ಲಾಕ್ ಅದೇ, ಅದರ ಮೇಲೆ ಕೊರೆದ ನಂಬರೂ ಅದೇ. ಬೇರೆಯದನ್ನು ಕೂರಿಸಿದರೆ ಎಂಜಿನ್ ನಂಬರ್ ಬದಲಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದನ್ನು ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ತಿದ್ದಿಸಬೇಕು. ‘ದುರಸ್ತಿ’ ಎಂದು ಬರೆದರೆ ಇವೆರಡರಲ್ಲಿ ಯಾವುದು ಎಂದು ಯಾರಿಗೆ ತಿಳಿಯಬೇಕು?

ನಾವು ಕಟ್ಟಿಸುವುದೆಂದೇ ತೀರ್ಮಾನಿಸಿದ್ದೇವೆ. ಪಿಸ್ಟನ್ನುಗಳು ತಿರುಗಿಸುವ ದಂಡ ಕ್ರ್ಯಾಂಕ್. ಅದು ಸವೆದಾಗ ಉಜ್ಜಿ ಸ್ವಲ್ಪ ಸಣ್ಣ ಮಾಡುತ್ತಾರೆ, ಅದೇ ಗ್ರೈಂಡಿಂಗ್. ನಮ್ಮದಕ್ಕೆ ಹಿಂದೆ ಒಂದೇ ಸಲ ಆಗಿದೆ, ‘ಹತ್ತರಲ್ಲಿ’ ಇದೆ. ಹತ್ತು ಎಂದರೆ ಇಂಚಿನ ಸಾವಿರದಲ್ಲಿ ಹತ್ತು ಪಾಲು, ಸುಮಾರು ಕಾಲು ಮಿಲಿಮೀಟರ್. ಇನ್ನೂ ಇಪ್ಪತ್ತಕ್ಕೆ ಹೋಗಲು ಜಾಗವಿದೆ. ಕ್ರ್ಯಾಂಕಿನ ಕೊನೆಯ ಅಳತೆಯೂ ಮುಗಿದಿದ್ದರೆ ಮಾತು ಬೇರೆ ಇತ್ತು. ಗುಜರಿಯ ಎಂಜಿನ್ ಎಷ್ಟು ಓಡಿದೆ, ಯಾರು ಹೇಗೆ ಓಡಿಸಿದ್ದಾರೆ, ನಮಗೆ ಗೊತ್ತಾಗುವುದಿಲ್ಲ. ಇದನ್ನು ನಾವೇ ಓಡಿಸಿದ್ದು.

ಈಗ ಕೇಳಬೇಕಾದದ್ದು. ಘಟ್ಟದ ಮೇಲೆ, ಶಿವಮೊಗ್ಗ ಕಡೆ, ಧಾರವಾಡ, ಬಳ್ಳಾರಿ ಕಡೆ ಎಂಜಿನ್ ‘ಕಟ್ಟಿಸುವುದು’ ಎನ್ನುತ್ತಾರಾ? ಟ್ರ್ಯಾಕ್ಟರ್, ಲಾರಿ ಇಟ್ಟುಕೊಂಡವರು ಬೇರೆ ಏನಾದರೂ ಹೇಳುತ್ತಾರಾ? ಹಾಳಾಯಿತು ಎನ್ನಲು ‘ಕೂತಿದೆ’ ಅಲ್ಲಿಯೂ ಉಂಟಾ? ಸದ್ಯಕ್ಕೆ ಅರ್ಜಿಯಲ್ಲಿ ‘ಪಿಕಪ್‌ನ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಲು’ ಎಂದು ಬರೆದಿದ್ದೇನೆ. ಸೋಮವಾರ ಕೊಡಬೇಕು. ಅಷ್ಟರೊಳಗೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕಿದರೆ ಬದಲಿಸುತ್ತೇನೆ.