ಗುರ್ಗಿ, ಗುರಿಗೆ, ಕುರಿಂಜಿ: ಮೂರೂ ಒಂದೇ ಪದವಾ?

ಎಲ್ಲರಿಗೂ ನಮಸ್ಕಾರ.

2022ರ ಮಳೆಗಾಲದ ಕೊನೆಗೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕಡೆ ಕುರಿಂಜಿ ಹೂ ಅರಳಿ ಬೆಟ್ಟವೆಲ್ಲ ನೀಲಿಯಾಗಿತ್ತಲ್ಲ, ಆಗ ನಾನೂ ಹೋಗಿದ್ದೆ. ದಾರಿಯಲ್ಲಿ ಜೋಳ ಸುಡುತ್ತಿದ್ದ ಅಜ್ಜನ ಹತ್ತಿರ, 'ಈ ಕುರಿಂಜಿ ಇನ್ನೆಷ್ಟು ದಿನ ಇರುತ್ತೆ?' ಅಂತ ಕೇಳಿದೆ. ಅವರು ತೆನೆ ತಿರುಗಿಸುತ್ತಲೇ, 'ಕುರಿಂಜಿ ಅನ್ನೋದು ನೀವು ಪೇಟೆಯವರು. ನಮಗೆ ಇದು ಗುರ್ಗಿ' ಅಂದರು.

ಪತ್ರಿಕೆಗಳಲ್ಲಿ ನೋಡಿದರೆ ಎಲ್ಲ ಕಡೆ 'ನೀಲಕುರಿಂಜಿ'. ಗಿಡಗಳ ಪಟ್ಟಿಗಳಲ್ಲಿ ಮಾತ್ರ ಕನ್ನಡ ಹೆಸರು 'ಗುರಿಗೆ' ಅಂತ ಸಿಗುತ್ತದೆ. ಸುಮ್ನೆ ಒಮ್ಮೆ ಗೂಗಲ್‌ನಲ್ಲಿ 'ಗುರಿಗೆ' ಅಂತ ಹುಡುಕಿ ನೋಡಿ. ಗುರಿಗೆ ತಕ್ಕ ಶ್ರಮ, ಗುರಿಗೆ ಹತ್ತಿರ, ಇಂಥವೇ ಸಾಲುಸಾಲು. ಪಾಪ, ಹೂವಿಗೆ ಜಾಗವೇ ಇಲ್ಲ! ಬರೆಯುವವರು ಕುರಿಂಜಿಯ ಕಡೆ ವಾಲೋದಕ್ಕೆ ಇದೂ ಒಂದು ಕಾರಣ ಇರಬಹುದು, ಅಲ್ವಾ?

ತಮಿಳಿನಲ್ಲಿ ಅದು ಕುಱಿಂಜಿ, ಶಕಟರೇಫದ್ದು (ಹಳಗನ್ನಡದಲ್ಲೂ ಇದ್ದ 'ಱ' ಅಕ್ಷರ). ಹಳೆಯ ತಮಿಳಿನ ಸಂಗಂ ಕಾವ್ಯದ ಐದು ತಿಣೆಗಳಲ್ಲಿ, ಅಂದರೆ ಐದು ಬಗೆಯ ಸೀಮೆಗಳಲ್ಲಿ, ಬೆಟ್ಟದ ಸೀಮೆಗೆ ಈ ಹೂವಿನದೇ ಹೆಸರು. ತಮಿಳಿನ ಕಿಳಿ ನಮ್ಮಲ್ಲಿ ಗಿಳಿ, ಅವರ ಕುಱಿ ನಮ್ಮ ಗುರಿ. ಹಾಗಾಗಿ ಕು ಹೋಗಿ ಗು ಬಂದಿದ್ದರಲ್ಲಿ ವಿಚಿತ್ರವೇನಿಲ್ಲ. ಆದರೆ ಬಾಲ ಹೊಂದುತ್ತಿಲ್ಲ. 'ಂಜಿ' ಇದ್ದ ಕಡೆ 'ಗೆ' ಹೇಗೆ ಬಂತು? ಎರಡೂ ಒಂದೇ ಬೇರಿನಿಂದ ಬೇರೆಬೇರೆ ಪ್ರತ್ಯಯ ಹಿಡಿದು ಬೆಳೆದವು ಅಂತ ನನ್ನ ಊಹೆ. ತಮಿಳಿನಿಂದ ತಂದ ಪದ ಅಂತೂ ಅನ್ನಿಸುವುದಿಲ್ಲ. ಹಾಗೆ ತಂದಿದ್ದರೆ ಆ 'ಂಜಿ' ಉಳಿಯುತ್ತಿತ್ತು.

ಇನ್ನೊಂದು ತೊಡಕು. ಅದೇ ಅಜ್ಜ ಕೆಳಗಿನ ಕಾಡಂಚಿನಲ್ಲಿ ಹೂವಿಲ್ಲದ, ಎಲೆ ದೊಡ್ಡದಾದ ಬೇರೆ ಗಿಡ ತೋರಿಸಿ ಅದೂ ಗುರ್ಗಿನೇ ಅಂದರು. ಅಂದರೆ ಕುರಿಂಜಿ ಒಂದು ಗಿಡದ ಹೆಸರು, ಗುರ್ಗಿ ಇಡೀ ಬಳಗದ ಹೆಸರು. ಸಸ್ಯಶಾಸ್ತ್ರದವರು ಸ್ಟ್ರೋಬಿಲಾಂಥಿಸ್ ಅನ್ನುವ ಬಳಗ ಅದು. ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಬಿದಿರಿನ ಹಾಗೆ ಸಾಯುತ್ತದೆ. ಅದೇ ಬಳಗದ, ಮಹಾರಾಷ್ಟ್ರದ ಕಾರ್ವಿಗೆ ಎಂಟೇ ವರ್ಷ. ಹಾಗಿದ್ದರೆ ನೀಲಕುರಿಂಜಿಗೆ 'ನೀಲಿ ಗುರ್ಗಿ' ಅನ್ನಬಹುದಲ್ಲವೇ? ನನಗಂತೂ ಕಿವಿಗೆ ಹಿತವಾಗಿದೆ.

ಕೊಡಗು, ಸಕಲೇಶಪುರ, ಕುದುರೆಮುಖದ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಯಲ್ಲಿ ಗುರ್ಗಿಯೋ, ಗುರಿಗೆಯೋ? ಹೂವಿಗೆ ಮಾತ್ರ ಹೇಳ್ತೀರಾ, ಹೂ ಬಿಡದ ವರ್ಷಗಳಲ್ಲಿ ಬರೀ ಗಿಡಕ್ಕೂ ಹೇಳ್ತೀರಾ?