ಅಮೆರಿಕದ ಆನ್‌ಲೈನ್ ಎಂಎಸ್ ಮಾಡಿದರೆ ಇಲ್ಲಿ ಲೆಕ್ಚರರ್ ಆಗಬಹುದಾ?

ಕಾಪು ಬೀಚ್:
ನಾನು 2019ರಲ್ಲಿ ಬಿಇ ಮುಗಿಸಿದವಳು. ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ದಿನಾ ಕಾಪುವಿನಿಂದ ಎಕ್ಸ್‌ಪ್ರೆಸ್ ಬಸ್ಸು. ಮನೆಯಲ್ಲಿ ಅಮ್ಮ ಒಬ್ಬರೇ, ಹಾಗಾಗಿ ವಿದೇಶಕ್ಕೆ ಹೋಗುವ ಮಾತೇ ಇಲ್ಲ. ಮುಂದೆ ಇಲ್ಲೇ ಯಾವುದಾದರೂ ಕಾಲೇಜಿನಲ್ಲಿ ಪಾಠ ಮಾಡಬೇಕೆಂದು ಆಸೆ ಉಂಟು. ಮನೆಯಲ್ಲೇ ಕೂತು ಅಮೆರಿಕದ ಎಂಎಸ್ ಮಾಡಿದರೆ ಅದಕ್ಕೆ ಇಲ್ಲಿ ಬೆಲೆ ಇದೆಯಾ? ಇನ್ನೊಂದು, ಒಬ್ಬ ಏಜೆಂಟ್ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಾನೆ. ಯುರೋಪಿನ ಯುನಿವರ್ಸಿಟಿಯಂತೆ, ಒಂದೇ ವರ್ಷವಂತೆ, "ಯುಜಿಸಿ ಅಪ್ರೂವ್ಡ್ ಮೇಡಂ" ಅನ್ನುತ್ತಾನೆ. ಯುಜಿಸಿ ಅಂದರೆ ಯುನಿವರ್ಸಿಟಿಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ತಾನೇ, ನಂಬಬಹುದಾ?

ಸುರತ್ಕಲ್‌ನವ:
ನಾನು ಅದನ್ನೇ ಮಾಡಿ ಕೂತವನು ಮಾರಾಯ್ರೆ. ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಟೆಕ್ ಯುನಿವರ್ಸಿಟಿಯ ಆನ್‌ಲೈನ್ ಎಂಎಸ್, ಕಂಪ್ಯೂಟರ್ ಸೈನ್ಸ್. 2014ರಲ್ಲಿ ಅದು ಶುರುವಾದಾಗ ಇಡೀ ಡಿಗ್ರಿಗೆ ಸುಮಾರು 7,000 ಡಾಲರ್ ಎಂಬುದೇ ದೊಡ್ಡ ಸುದ್ದಿ. ಒಟ್ಟು 10 ಕೋರ್ಸು. ಮೊದಲ ವರ್ಷದಲ್ಲೇ ಎರಡು ಫೌಂಡೇಶನ್ ಕೋರ್ಸಿನಲ್ಲಿ ಬಿ ಗ್ರೇಡ್ ಆದರೂ ತೆಗೆಯಬೇಕು, ಇಲ್ಲವಾದರೆ ಮುಂದೆ ದಾರಿ ಇಲ್ಲ. ನನಗೆ ನಾಲ್ಕು ವರ್ಷ ಹಿಡಿಯಿತು.

ಓದುವುದಕ್ಕಿಂತ ಮಳೆಗಾಲವೇ ಕಷ್ಟ. ಪರೀಕ್ಷೆ ಬರೆಯುವುದು ಕ್ಯಾಮೆರಾ ಮುಂದೆ. ಒಮ್ಮೆ ಜುಲೈಯಲ್ಲಿ ಅರ್ಧ ಪರೀಕ್ಷೆ ಆಗಿತ್ತು, ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ಆದರೆ ವೈಫೈ ಬಾಕ್ಸಿಗೆ ಅದರ ಲೈನ್ ಕೊಟ್ಟಿರಲಿಲ್ಲ! ಫೋನ್ ಮುಟ್ಟುವ ಹಾಗಿಲ್ಲ, ಕೋಣೆಗೆ ಯಾರೂ ಬರುವ ಹಾಗಿಲ್ಲ. ಹೆಂಡತಿ ಅಡುಗೆಮನೆಯಲ್ಲೇ ನಿಂತು ತನ್ನ ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿದಳು. ಆ ಡಿಗ್ರಿಯಲ್ಲಿ ಅವಳಿಗೂ ಪಾಲಿದೆ.

ಸರ್ಟಿಫಿಕೇಟಿನಲ್ಲಿ ಆನ್‌ಲೈನ್ ಎಂಬ ಪದವೇ ಇಲ್ಲ. ಕಂಪನಿಯವರು ಖುಷಿಪಟ್ಟರು, ಒಳ್ಳೆಯ ಪ್ರಾಜೆಕ್ಟೂ ಸಿಕ್ಕಿತು. ಆಮೇಲೆ ಇಲ್ಲಿನ ಒಂದು ಕಾಲೇಜಿನಲ್ಲಿ ಇಂಟರ್‌ವ್ಯೂ. ವಿಭಾಗದವರು ಒಪ್ಪಿದರು. ಆಫೀಸಿನವರು ಕೇಳಿದ್ದು ಒಂದೇ: "ಈಕ್ವಿವಲೆನ್ಸ್ ಸರ್ಟಿಫಿಕೇಟ್ ಎಲ್ಲಿ?" ವಿದೇಶಿ ಡಿಗ್ರಿ ಇಲ್ಲಿನ ಡಿಗ್ರಿಗೆ ಸಮ ಎಂಬ ಪತ್ರ ಅದು. ಆಗ ಅದನ್ನು ಕೊಡುತ್ತಿದ್ದದ್ದು ದೆಹಲಿಯ ಎಐಯು, ಅಂದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಕ್ಯಾಂಪಸ್ಸಿನಲ್ಲೇ ಪೂರ್ಣಾವಧಿ ಓದಿರಬೇಕು ಎಂಬುದು ಅವರ ನಿಯಮ. ನಾನು ಅಟ್ಲಾಂಟಾ ನೋಡಿದ್ದೇ ಫೋಟೋದಲ್ಲಿ. ವಾರಕ್ಕೆ ಎರಡು ಗೆಸ್ಟ್ ಲೆಕ್ಚರ್ ಮಾಡಿ ಎಂದರು. ಮಾಡಿದೆ, ಮತ್ತೆಂತ ಮಾಡುವುದು?

ನಿವೃತ್ತ ಮೇಷ್ಟ್ರು, ಕೊಡವೂರು:
ಮಗಳೇ, ಮೊದಲು ಆ ಏಜೆಂಟನ ನಂಬರ್ ಬ್ಲಾಕ್ ಮಾಡು. ಯುಜಿಸಿ ಮಾನ್ಯತೆ ಇಲ್ಲದ ವಿದೇಶಿ ಯುನಿವರ್ಸಿಟಿಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಡಿಗ್ರಿ ಮಾರುತ್ತಿವೆ, ಹುಷಾರು ಎಂದು ಯುಜಿಸಿಯೇ 2023ರ ಡಿಸೆಂಬರಿನಲ್ಲಿ ಪ್ರಕಟಣೆ ಕೊಟ್ಟಿದೆ. 2025ರ ಏಪ್ರಿಲಿನಿಂದ ಈಕ್ವಿವಲೆನ್ಸ್ ಕೆಲಸವನ್ನೂ ಯುಜಿಸಿಯೇ ವಹಿಸಿಕೊಂಡಿದೆ. ಅರ್ಜಿ ಅವರ ಪೋರ್ಟಲ್‌ನಲ್ಲಿ. ಫ್ರಾಂಚೈಸಿ ಮೂಲಕ ಪಡೆದ ಡಿಗ್ರಿಗೆ ಅಲ್ಲಿ ಜಾಗವೇ ಇಲ್ಲ. ನೀನು ಫೀಸು ಕಟ್ಟುವ ಮೊದಲೇ ಅವರಿಗೆ ಬರೆದು ಕೇಳು. ಉತ್ತರ ಬರವಣಿಗೆಯಲ್ಲೇ ಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಪಾಠ ಮಾಡುವುದೇ ಮುಖ್ಯ ಅಂತಾದರೆ ನಮ್ಮ ದೇಶದ ದೂರಶಿಕ್ಷಣವೇ ಸುಲಭ. ಯುಜಿಸಿ ಒಪ್ಪಿದ ಸಂಸ್ಥೆಗಳ ದೂರಶಿಕ್ಷಣ, ಆನ್‌ಲೈನ್ ಡಿಗ್ರಿಗಳು ರೆಗ್ಯುಲರ್ ಡಿಗ್ರಿಗೆ ಸಮ ಎಂದು 2022ರಲ್ಲೇ ಸ್ಪಷ್ಟ ಮಾಡಿದ್ದಾರೆ. ಆದರೆ ಎಂಟೆಕ್ ಹಾಗೆ ಸಿಗುವುದಿಲ್ಲ, ಎಂಸಿಎ ಸಿಗುತ್ತದೆ. ಇಗ್ನೋದಲ್ಲಿ ಉಂಟು. ಎಂಸಿಎ ಜೊತೆ ನೆಟ್ ಅಥವಾ ಕೆಸೆಟ್ ಎಂಬ ಲೆಕ್ಚರರ್ ಅರ್ಹತಾ ಪರೀಕ್ಷೆ ಪಾಸಾದರೆ ಬಿಸಿಎ ಇರುವ ಡಿಗ್ರಿ ಕಾಲೇಜಿಗೆ ಅರ್ಜಿ ಹಾಕಬಹುದು. ಅಮೆರಿಕದ ಹೆಸರಿನ ಗತ್ತು ಇರುವುದಿಲ್ಲ, ಅಷ್ಟೇ.

ಸುರತ್ಕಲ್‌ನವ:
ಮೇಷ್ಟ್ರು ಹೇಳಿದ್ದು ಸರಿ. ಆದರೂ ನನಗೆ ಬೇಜಾರಿಲ್ಲ. ಆ 10 ಕೋರ್ಸಿನಲ್ಲಿ ಕಲಿತದ್ದು ನಾಲ್ಕು ವರ್ಷದ ಬಿಇಯಲ್ಲಿ ಕಲಿತಿರಲಿಲ್ಲ.

ಕಾಪು ಬೀಚ್:
ಥ್ಯಾಂಕ್ಸ್ ಮೇಷ್ಟ್ರೇ, ನಂಬರ್ ಬ್ಲಾಕ್ ಆಯಿತು. ಯುಜಿಸಿಗೆ ಇವತ್ತೇ ಮೇಲ್ ಹಾಕುತ್ತೇನೆ. ಅಣ್ಣ, ಆ ಫೌಂಡೇಶನ್ ಕೋರ್ಸಿನ ಪಾಠ ಬಸ್ಸಿನಲ್ಲಿ ಕೂತು ನೋಡಿ ಮುಗಿಸಲಿಕ್ಕೆ ಆಗುತ್ತದಾ?

ಸುರತ್ಕಲ್‌ನವ:
ವಿಡಿಯೋ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಆಗುತ್ತದೆ. ಮೂಲ್ಕಿಯವರೆಗೆ ಸೀಟು ಸಿಗಬೇಕಲ್ವಾ, ಅದು ನೋಡಿ.