ಸಹಾಯ ಬೇಕು: ‘ಕಣ್ಣು’ ಟಿಬೆಟನ್ನಿನಲ್ಲಿ ‘ಮಿಗ್’, ಬರ್ಮೀಸಿನಲ್ಲಿ ‘ಮ್ಯಕ್’ – ಈ ‘-ಯಕ್’ ಎಲ್ಲಿಂದ ಬಂತು?

ಟಿಬೆಟನ್, ಬರ್ಮೀಸ್ ಒಂದೇ ಮೂಲದ ಭಾಷೆಗಳು; ಒಂದೇ ಮೂಲದ ಪದಕ್ಕೆ ಟಿಬೆಟನ್ ಬರಹದಲ್ಲಿ -ಇಗ್ ಇರುವಲ್ಲಿ ಬರ್ಮೀಸ್ ಬರಹದಲ್ಲಿ -ಅಚ್ ಬರಬೇಕು. ‘ಒಂದು’ ಗ್ಚಿಗ್ / ತಚ್, ‘ಕೀಲು’ ತ್ಸಿಗ್ಸ್ / ಛಚ್. ಕೊನೆಗೆ ಅನುನಾಸಿಕವಿದ್ದರೂ ಅದೇ ಕಥೆ: ‘ಹೆಸರು’ ಮಿಂಗ್ / ಮಞ್. ‘ಕಣ್ಣು’ ಮಾತ್ರ ಕೈಕೊಡುತ್ತದೆ. ಮಿಗ್‌ಗೆ ‘ಮಚ್’ ಸಿಗಬೇಕಿತ್ತು, ಇರುವುದು ಮ್ಯಕ್.

ಹಳೆಯ ಟಿಬೆಟನ್ನಿನ ದ್ಮ್ಯಿಗ್‌ನಲ್ಲಿದ್ದ ಯಕಾರವೇ ಇದಕ್ಕೆ ಕಾರಣ ಅನ್ನುವಂತಿಲ್ಲ. ‘ಹೆಸರು’ ಕೂಡ ಅಲ್ಲಿ ಮ್ಯಿಂಗ್ ಆಗಿತ್ತು, ಆದರೂ ಬರ್ಮೀಸ್ ಮಞ್‌ನಲ್ಲಿ ಯಕಾರವಿಲ್ಲ.

ಬರ್ಮೀಸಿನ ಹತ್ತಿರದ ಸಂಬಂಧಿಗಳಾದ ಅಟ್ಸಿ, ಮರು, ಲಾಶಿ ಭಾಷೆಗಳಲ್ಲಿ ಈ ನಾಲ್ಕೂ ಪದಗಳ ರೂಪ ಯಾರ ಬಳಿಯಾದರೂ ಇದ್ದರೆ ಕಳಿಸಿ. ಸ್ವರ ಬಿಗಿಯೋ (ಗಂಟಲು ಬಿಗಿಹಿಡಿದು ಹೇಳುವುದೋ) ಸಡಿಲವೋ, ತಾನ (ದನಿಯ ಏರಿಳಿತ) ಯಾವುದು ಎಂಬುದನ್ನೂ ಗುರುತಿಸಿರಲಿ. ಅದಿಲ್ಲದ ಪಟ್ಟಿಯಿಂದ ಮೊದಲ ವ್ಯಂಜನದ ಹಳೆಯ ಸ್ಥಿತಿ ತಿಳಿಯುವುದಿಲ್ಲ.

ದಯವಿಟ್ಟು ಈಗಿನ ಬರ್ಮೀಸ್ ಉಚ್ಚಾರಣೆಯನ್ನು ಆಧಾರ ಮಾಡಿಕೊಳ್ಳಬೇಡಿ. -ಅಚ್ ಈಗ ಇಕಾರ ಮತ್ತು ಗಂಟಲ ತಡೆ (ಗಂಟಲು ಮುಚ್ಚಿ ದನಿ ತಟ್ಟನೆ ನಿಲ್ಲುವುದು) ಆಗಿದೆ. ಮೂಲದ ಇಕಾರವೇ ಉಳಿದಂತೆ ಕಾಣುತ್ತದೆ, ಆದರೆ ಅದು ಇ→ಅ→ಇ ಎಂದು ಸುತ್ತಿ ಬಂದದ್ದು. ಟಿಬೆಟನ್ನಿಗೂ ಇದೇ ಮಾತು: ಬೈಲಕುಪ್ಪೆಯಲ್ಲಿ ಕಿವಿಗೆ ಬೀಳುವ ‘ಚಿಕ್’ ಸಾಲದು, ಗ್ಚಿಗ್ ಎಂಬ ಬರಹರೂಪವೇ ಬೇಕು.